ಒಂದೇ ಹಾಸಿನ ಎರಡು ಸೀರೆ

ಹೊಸಕೋಟೆಯ ಬಾಡಿಗೆ ಮನೆಯಲ್ಲಿ ಅನುಸೂಯಮ್ಮ ಕೂಸಿನ ಎದೆಗೆ ಬಿಸಿ ಎಣ್ಣೆ ಸವರುತ್ತಿದ್ದಾಗ ಅವಳ ತಂದೆ ಆದಿನಾರಾಯಣಪ್ಪ ಬಂದು ಬಾಗಿಲಲ್ಲಿ ನಿಂತರು. ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ, ಅಲ್ಲಿಂದ ಹೊಸಕೋಟೆಗೆ, ಎರಡು ಬಸ್ಸು ಹತ್ತಿಳಿದು ಬಂದಿದ್ದರು. ಯುದ್ಧ ಶುರುವಾಗಿ ಪೆಟ್ರೋಲು ಸಿಗದಾದ ಮೇಲೆ ಬಸ್ಸುಗಳೆಲ್ಲ ಬೆನ್ನಿಗೊಂದು ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಮುದುಕರ ಬಿಳಿ ರುಮಾಲಿನ ಮೇಲೆಲ್ಲ ಮಸಿ ಕೂತಿತ್ತು.

"ಕೂಸಿಗೆ ಏನಾಯ್ತಮ್ಮ?" ಎಂದರು.

"ಏನೂ ಇಲ್ಲಪ್ಪ. ಸುಮ್ಮನೆ ಸವರ್ತಾ ಇದೀನಿ."

ಏನೂ ಇಲ್ಲ ಎಂಬುದು ಸುಳ್ಳು. ಮಗಳು ಪದ್ಮಳಿಗೆ ಎರಡು ದಿನದಿಂದ ಕೆಮ್ಮಿತ್ತು. ಆದರೆ ಕೂಸಿನ ಕಾಯಿಲೆಯನ್ನು ಬಾಯಲ್ಲಿ ಆಡಿದರೆ ಅದು ಬಲಿಯುತ್ತದೆ ಎಂದು ಅನುಸೂಯ ನಂಬಿದ್ದಳು. ಮೊದಲ ಗಂಡು ಕೂಸಿಗೂ ಕೆಮ್ಮೇ ಬಂದಿತ್ತು. ಆಗ ಓಣಿಯ ಹೆಂಗಸರಿಗೆಲ್ಲ ಹೇಳಿಕೊಂಡು ಓಡಾಡಿದ್ದಳು. ಕೂಸು ಒಂದು ವರ್ಷ ತುಂಬುವ ಮೊದಲೇ ಹೋಗಿಬಿಟ್ಟಿತ್ತು. ಪದ್ಮಳ ವಿಷಯದಲ್ಲಿ ಯಾರು ಏನು ಕೇಳಿದರೂ "ಚೆನ್ನಾಗಿದೆ" ಎನ್ನುತ್ತಿದ್ದಳು, ಮತ್ತು ಬೆನ್ನು ತಿರುಗಿಸಿ ಅದರ ಉಸಿರಿಗೆ ಕಿವಿ ಇಡುತ್ತಿದ್ದಳು.

ಅಪ್ಪ ಕಾಲು ತೊಳೆದು ಬಂದು ಕೂತರು. ಅಳಿಯ ಕೋದಂಡರಾಮಯ್ಯ ತಾಲ್ಲೂಕು ಕಚೇರಿಗೆ ಹೊರಡುವವನು, ಮಾವ ಬಂದರೆಂದು ಕೋಟಿನ ಗುಂಡಿ ಹಾಕಿಕೊಳ್ಳುತ್ತಲೇ ನಿಂತಿದ್ದ. ವಿಷಯ ಇಷ್ಟೇ. ಅನುಸೂಯಳ ತಂಗಿ ವರಲಕ್ಷ್ಮಿಗೆ ಗಂಡು ಗೊತ್ತಾಗಿತ್ತು. ತ್ಯಾಮಗೊಂಡ್ಲಿನವರು, ಅವರೂ ನೇಯುವವರೇ. ಲಗ್ನ ವೈಶಾಖದಲ್ಲಿ.

"ಹಾಸು ಹೂಡ್ಬೇಕು ತಾಯಿ," ಎಂದರು ಅಪ್ಪ. "ಅದಕ್ಕೇ ಬಂದೆ."

ಅವರ ಮನೆಯಲ್ಲಿ ಒಂದು ಪದ್ಧತಿಯಿತ್ತು. ಮದುಮಗಳ ಧಾರೆ ಸೀರೆ, ಅವಳ ಪಕ್ಕದಲ್ಲಿ ಕಳಶ ಹಿಡಿದು ನಿಲ್ಲುವ ಕಳಶಗಿತ್ತಿಯ ಸೀರೆ, ಎರಡೂ ಮನೆಯ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಒಂದೇ ಹಾಸಿನ ನೂಲಿನಲ್ಲಿ ಒಂದರ ಹಿಂದೊಂದು ಹುಟ್ಟಬೇಕು. ಕಳಶಗಿತ್ತಿ ಒಡಹುಟ್ಟಿದವಳೇ ಆಗಬೇಕು, ಒಡಹುಟ್ಟಿದವಳು ಇಲ್ಲದಿದ್ದರೆ ಅತ್ತೆಯ ಮಗಳೋ ಚಿಕ್ಕಮ್ಮನ ಮಗಳೋ. ಅನುಸೂಯಳ ಮದುವೆಯಲ್ಲಿ ವರಲಕ್ಷ್ಮಿ ಇನ್ನೂ ಲಂಗದ ಹುಡುಗಿ. ಹಾಸಿನ ಸೀರೆಯನ್ನು ಅವಳಿಗೆ ಮೂರು ಮಡಿಕೆ ಸುತ್ತಿ ನಿಲ್ಲಿಸಿದ್ದರು. ಸೀರೆಯೊಳಗೆ ಮುಳುಗಿಹೋದ ಆ ಹುಡುಗಿ ಬೆಳಗಿನಿಂದ ಧಾರೆ ಮುಗಿಯುವವರೆಗೆ ಕಳಶವನ್ನು ಯಾರ ಕೈಗೂ ಕೊಡದೆ, ತೂಕಡಿಸುತ್ತ, ಅಕ್ಕನಿಗೆ ಒತ್ತಿಕೊಂಡೇ ನಿಂತಿತ್ತು. ತಾಯಿ ಆಗಲೇ ಇರಲಿಲ್ಲ. ಮಾರನೆಯ ದಿನ ಗಂಡನ ಮನೆಗೆ ಹೊರಡುವಾಗ ಅನುಸೂಯ ಅವಳ ಕಿವಿಯಲ್ಲಿ, "ನಿನ್ನ ಮದುವೆಗೆ ನಾನು ಹಿಡೀತೀನಿ ಕಣೇ" ಎಂದಿದ್ದಳು. ಅಷ್ಟು ಹೇಳಿದ ಮೇಲೆಯೇ ಹುಡುಗಿ ಅವಳ ಸೆರಗು ಬಿಟ್ಟದ್ದು.

"ರೇಷ್ಮೆ ಎಲ್ಲ ಯುದ್ಧಕ್ಕೆ ಹೋಗ್ತಾ ಐತೆ," ಎಂದರು ಅಪ್ಪ ಅಳಿಯನ ಕಡೆ ತಿರುಗಿ. "ಅದೇನೋ ವಿಮಾನದಿಂದ ಹಾರೋಕೆ ಛತ್ರಿ ಹೊಲೀತಾರಂತಲ್ಲ. ನಾನು ಮೊದಲೇ ಒಂದಿಷ್ಟು ತೆಗೆದಿಟ್ಟಿದ್ದೆ. ಮದುಮಗಳಿಗೆ ಹದಿನಾಲ್ಕು ಮೊಳ ಆಗ್ಲೇಬೇಕು. ಉಳಿಯೋದು ಹನ್ನೆರಡು ಮೊಳ. ಈಗಿನ ಕಾಲಕ್ಕೆ ಎಲ್ಲರೂ ಅಷ್ಟರಲ್ಲೇ ಉಡ್ತಾವ್ರೆ ಅನ್ನು." ಮಗಳ ಕಡೆ ನೋಡದೆ, ರುಮಾಲಿನ ಮಸಿ ಕೊಡವುತ್ತ ಕೇಳಿದರು: "ನಿನಗೆ ಸಾಲ್ತದಾ ತಾಯಿ? ಹಾಸು ಹೂಡೋಕೆ ಮೊದಲೇ ಹೇಳಿದ್ರೆ ಏನಾದ್ರೂ ಮಾಡಬಹುದು. ಒಂದ್ಸಲ ಹೂಡಿದ ಮೇಲೆ ನನ್ನ ಕೈಲಿಲ್ಲ."

ಅನುಸೂಯ ಉತ್ತರ ಕೊಡುವ ಮೊದಲು ಗಂಡನ ಕಡೆ ನೋಡಿದಳು. ಗಂಡ ಗುಂಡಿ ಹಾಕುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದ. ನೋಟದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಅವನ ಕಣ್ಣು ತನ್ನ ಭುಜದಿಂದ ಸೊಂಟಕ್ಕೆ ಇಳಿದು ಅಳೆಯುತ್ತಿದೆ ಎಂದು ಅವಳಿಗೆ ಅನ್ನಿಸಿಬಿಟ್ಟಿತು. ಕೂಸನ್ನು ಎತ್ತಿ ಹೊಟ್ಟೆಗೆ ಅಡ್ಡ ಹಿಡಿದಳು.

"ಸಾಲುತ್ತಪ್ಪ. ಯಾಕೆ ಸಾಲಲ್ಲ?"

ಅಪ್ಪ ಒಮ್ಮೆ ತಲೆಯೆತ್ತಿ ನೋಡಿದರು. ಜೀವಮಾನವೆಲ್ಲ ಬಟ್ಟೆ ಅಳೆದ ಕಣ್ಣು ಅದು. ತಲೆ ತಗ್ಗಿಸಿ, "ಸರಿ ಹಾಗಾದ್ರೆ" ಎಂದರು.

ಅನುಸೂಯ ಹುಟ್ಟುತ್ತಲೇ ಹೀಗಿದ್ದವಳಲ್ಲ. ಅಪ್ಪ ಬೀದಿಯ ಉದ್ದಕ್ಕೂ ಹಾಸು ಕಟ್ಟಿ ನೂಲು ಬಿಡಿಸುವಾಗ ನಡುವೆ ತೂರಿ ಓಡುತ್ತಿದ್ದ ಕಡ್ಡಿಯಂಥ ಹುಡುಗಿ. ಓದಲಿ ಎಂದು ಬೆಂಗಳೂರಿನ ಕಬ್ಬನ್‌ಪೇಟೆಯಲ್ಲಿದ್ದ ಸೋದರಮಾವನ ಮನೆಗೆ ಕಳಿಸಿದ್ದರು. ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಭಾರೀ ಮೈಯ ಒಬ್ಬ ಉಪಾಧ್ಯಾಯಿನಿ ಇದ್ದರು. ಯಾವಾಗಲೂ ಕಡುಬಣ್ಣದ, ಸಣ್ಣ ಅಂಚಿನ ಸೀರೆಯನ್ನು ಒಳಲಂಗದ ಮೇಲೆ ನೆರಿಗೆ ಹಿಡಿದು ಉಡುವರು. ಹುಡುಗಿಯರು ಹಿಂದಿನಿಂದ ಅವರಿಗೆ ಭತ್ತದ ಕಣಜ ಎಂದು ಹೆಸರಿಟ್ಟಿದ್ದರು. ಎದುರಿಗೆ ಬಂದಾಗ ಮಾತ್ರ ಎಲ್ಲರೂ ಗಪ್‌ಚಿಪ್; ಆ ಉಡುಗೆಯಲ್ಲಿ ಅವರು ಕಾಣುತ್ತಿದ್ದ ರೀತಿಯೇ ಹಾಗಿತ್ತು. ತಾನೂ ಮುಂದೆ ಹಾಗೆ ಉಟ್ಟು ಪಾಠ ಹೇಳಬೇಕು ಎಂದು ಅನುಸೂಯ ಅಂದುಕೊಂಡಿದ್ದಳು. ಎಂಟನೆಯ ತರಗತಿಗೇ ಓದು ನಿಂತಿತು, ಮದುವೆಯಾಯಿತು.

ಮೊದಲ ಬಾಣಂತನದಲ್ಲಿ ಮೈ ಬಂತು. "ಬಾಣಂತಿ ಮೈ ಕಣಮ್ಮ, ಇಳಿಯುತ್ತೆ" ಎಂದರು ಎಲ್ಲರೂ. ಕೂಸು ಹೋದ ಮೇಲೆ ಇನ್ನಷ್ಟು ಬಂತು. ಆ ದಿನಗಳಲ್ಲಿ ಅವಳಿಗೆ ತಿಂದದ್ದೂ ತಿಳಿಯುತ್ತಿರಲಿಲ್ಲ, ಬಿಟ್ಟದ್ದೂ ತಿಳಿಯುತ್ತಿರಲಿಲ್ಲ. ಎರಡನೆಯ ಬಾಣಂತನ ಮುಗಿಯುವ ಹೊತ್ತಿಗೆ ಹಳೆಯ ರವಿಕೆಗಳ ತೋಳು ಮೊಣಕೈ ದಾಟಿ ಏರುತ್ತಿರಲಿಲ್ಲ. ಇಳಿಯುತ್ತೆ ಎನ್ನುವವರೂ ಆಮೇಲೆ ಸುಮ್ಮನಾದರು.

ಅಪ್ಪ ಹೊರಡುವ ಮುನ್ನ ಅವಳು ಬಸ್‌ಸ್ಟಾಂಡಿನವರೆಗೆ ಹೋಗಿ ಒಂದೇ ಒಂದು ಕೇಳಿಕೊಂಡಳು. "ಅಪ್ಪ, ನನ್ನ ಸೀರೆ ಮಾತ್ರ ಸ್ವಲ್ಪ ಕಡುಬಣ್ಣ ಬರೋ ಹಾಗೆ ಮಾಡು. ಅಂಚು ಸಣ್ಣಕ್ಕಿರಲಿ."

"ಹಾಸು ಕೆಂಪೇ ಆಗ್ಬೇಕಮ್ಮ, ಮದುವೆ ಹಾಸು. ಅಡ್ಡಕ್ಕೆ ಹೊಡೆಯೋ ಹೊಕ್ಕಿಗೆ ಬೇಕಾದ್ರೆ ಕಡುನೀಲಿ ಹಾಕ್ತೀನಿ. ನೇರಳೆ ಹಣ್ಣಿನ ಬಣ್ಣ ಬರ್ತದೆ. ಆಗ್ಬಹುದಾ?"

"ಆಗಬಹುದಪ್ಪ."

ನೇರಳೆ ಹಣ್ಣಿನ ಬಣ್ಣ. ಆ ಮಾತು ಹಿಡಿದುಕೊಂಡು ಅವಳು ಮನೆಗೆ ಬಂದಳು. ಉದ್ದದ ಮಾತು ಎದುರಾದಾಗಲೆಲ್ಲ ಮನಸ್ಸು ಬಣ್ಣದ ಕಡೆಗೆ ಸರಿಯುತ್ತಿತ್ತು. ವೈಶಾಖಕ್ಕೆ ಇನ್ನೂ ದಿನವಿದೆ, ಅಷ್ಟರೊಳಗೆ ಮೈ ಇಳಿಸಿದರಾಯಿತು.

ಅವಳು ರಾತ್ರಿಯ ಊಟ ಬಿಟ್ಟಳು. ಸೋಮವಾರ, ಶನಿವಾರ ಒಪ್ಪತ್ತು ಹಿಡಿದಳು. ಮುದ್ದೆ ಬಿಟ್ಟು ಬರೀ ಸಾರು ಕುಡಿದಳು. ಮೈ ಇಳಿಯಲಿಲ್ಲ, ಹಾಲು ಇಳಿಯಿತು. ಪದ್ಮ ಎದೆ ಕಚ್ಚಿ ಕಚ್ಚಿ ಬಿಟ್ಟು ಅಳತೊಡಗಿತು. ಪಕ್ಕದ ಮನೆಯ ಅಮ್ಮಯಮ್ಮ ಗೋಡೆಯಾಚೆಯಿಂದಲೇ ಕೇಳಿದಳು: "ಏನಮ್ಮ ಅನುಸೂಯಮ್ಮ, ಕೂಸು ಹಸ್ಕೊಂಡು ಅಳ್ತಾ ಐತೆ, ನೀನೇನು ಸನ್ಯಾಸ ತಗೊಂಡಿದೀಯಾ?" ಅವತ್ತು ಅನುಸೂಯ ಅಡುಗೆಮನೆಯಲ್ಲಿ ನಿಂತೇ ಎರಡು ಮುದ್ದೆ ತಿಂದಳು. ತಿನ್ನುತ್ತ ಅತ್ತಳು. ಕೂಸು ಕುಡಿದು ಮಲಗಿತು.

ರವಿಕೆ ಬಟ್ಟೆಯನ್ನು ಅಳತೆಯ ಹಳೆ ರವಿಕೆಯ ಜೊತೆ ಗಂಡನ ಕೈಲಿ ದರ್ಜಿಗೆ ಕಳಿಸಿದ್ದಳು. "ಸ್ವಲ್ಪ ಸಡಿಲವಾಗಿ" ಎಂದು ಹೇಳಲು ಹೇಳಿದ್ದಳು. ಗಂಡ ಅದನ್ನು ಹೇಳಿದನೋ, ದರ್ಜಿಯ ಎದುರು ಹೆಂಡತಿಯ ಮೈಮಾತು ಆಡಲು ನಾಚಿದನೋ, ಅಂತೂ ಹಳೆ ರವಿಕೆಯದೇ ಅಚ್ಚು ಬಂತು. ಬಗಲಲ್ಲಿ ಬಿಚ್ಚಿ ತುಂಡು ಕೊಟ್ಟು ತಾನೇ ಹೊಲಿದಳು.

"ಯಾರು ನೋಡ್ತಾರೆ ಬಿಡೇ," ಎಂದ ಕೋದಂಡರಾಮಯ್ಯ. "ಎಲ್ಲರೂ ಮದುಮಗಳನ್ನ ನೋಡ್ತಾರೆ."

ಸಮಾಧಾನಕ್ಕೆಂದೇ ಅಂದ ಮಾತು. ಕಳಶಗಿತ್ತಿ ಮದುಮಗಳ ಮಗ್ಗುಲಲ್ಲೇ ನಿಲ್ಲುತ್ತಾಳೆ, ಒಬ್ಬಳನ್ನು ನೋಡುವವರು ಇಬ್ಬರನ್ನೂ ನೋಡುತ್ತಾರೆ ಎಂದು ಅವಳು ಅವನಿಗೆ ಹೇಳಲಿಲ್ಲ.

ಮದುವೆಗೆ ವಾರವಿದೆ ಎನ್ನುವಾಗ ಅವಳು ಕೂಸನ್ನು ಕಟ್ಟಿಕೊಂಡು ತವರಿಗೆ ಬಂದಳು. ಬಸ್ಸಿನ ಹೊಗೆಗೆ ಕೂಸು ಎಲ್ಲಿ ಕೆಮ್ಮೀತೋ ಎಂದು ದಾರಿಯುದ್ದಕ್ಕೂ ಅದರ ಮುಖವನ್ನು ಸೆರಗಿನೊಳಗೇ ಇಟ್ಟಿದ್ದಳು. ಕೂಸು ಕೆಮ್ಮಲಿಲ್ಲ.

ಊರಲ್ಲಿ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಕರೆಂಟು ಮಗ್ಗ ಬಂದು ದಡದಡ ಎನ್ನುತ್ತಿತ್ತು. ಅಪ್ಪನದು ಇನ್ನೂ ಗುಂಡಿಮಗ್ಗವೇ. ನೆಲದ ಗುಂಡಿಯಲ್ಲಿ ಕಾಲಿಳಿಸಿ ಕೂತು ಅವರು ಲಾಳಿ ಎಸೆಯುತ್ತಿದ್ದರು. ಮಗ್ಗದ ಮೇಲಿದ್ದದ್ದು ಅನುಸೂಯಳ ಸೀರೆ. ಕೆಂಪು ಹಾಸಿನ ಮೇಲೆ ನೀಲಿ ಹೊಕ್ಕು ಕೂತು ನಿಜವಾಗಿಯೂ ಮಾಗಿದ ನೇರಳೆಯ ಬಣ್ಣ ಬಂದಿತ್ತು. ಅವಳು ಬಗ್ಗಿ ಬೆರಳ ತುದಿಯಿಂದ ಮುಟ್ಟಿದಳು. ಮೈಗೆ ಒರಟಾಗದಂತೆ, ಹಗುರವಾಗಿ ನೇಯ್ದಿದ್ದರು. ಮದುವೆ ಗೊತ್ತಾದ ದಿನದಿಂದ ಅವಳಿಗೆ ಸಂತೋಷವಾದದ್ದು ಆವಾಗಲೇ.

"ಚೆನ್ನಾಗಿದೆ ಅಪ್ಪ."

"ಸೀರೆ ಮೈ ಮುಗೀತಾ ಬಂತು ತಾಯಿ. ಇವತ್ತು ಸೆರಗಿಗೆ ಹೊಕ್ಕು ಬದಲಾಯಿಸ್ಬೇಕು. ಅದಾದ ಮೇಲೆ ನಿನ್ನ ತಂಗೀದು."

ಅಷ್ಟರಲ್ಲಿ ಪಡಸಾಲೆಯಿಂದ ಸೊಣ್ಣಮ್ಮತ್ತೆ ಬಂದಳು. ಅಪ್ಪನ ಅಕ್ಕ, ಅನುಸೂಯಳ ತಾಯಿ ಹೋದ ಮೇಲೆ ಆ ಮನೆಯ ಯಜಮಾನಿಕೆ ಅವಳದೇ. ಹಪ್ಪಳದ ಹಿಟ್ಟು ಮೆತ್ತಿದ ಕೈಯನ್ನು ಸೊಂಟದ ಮೇಲಿಟ್ಟು ತಮ್ಮನ ಮಗಳನ್ನು ಮೇಲಿಂದ ಕೆಳಗೆ ನೋಡಿದಳು.

"ಏನೇ ಅನುಸೂಯ, ಹೊಸಕೋಟೆ ನೀರು ಚೆನ್ನಾಗಿ ಹಿಡಿದದೆ."

"ಹೂಂ ಅತ್ತೆ."

"ಆದಿನಾರಾಯಣ, ಸೆರಗು ಹಾಕೋಕೆ ಮುಂಚೆ ಒಂದ್ಸಲ ಅಳತೆ ನೋಡೋಣ ತಡಿ." ಲಾಳಿಗೆ ನೂಲು ಸುತ್ತಿಟ್ಟ ಕಂಡಿಕೆಯಿಂದ ಒಂದಿಷ್ಟು ಎಳೆದು, ಹಪ್ಪಳ ಲಟ್ಟಿಸುತ್ತಿದ್ದ ಹೆಂಗಸರ ಎದುರಿಗೇ ಅನುಸೂಯಳ ಸೊಂಟಕ್ಕೆ ಸುತ್ತಿದಳು. ನೂಲನ್ನು ಬಿಚ್ಚಿ ತನ್ನ ಮೊಣಕೈಯಿಂದ ಬೆರಳ ತುದಿಗೆ ಹಿಡಿದು ಅಳೆದಳು. "ಒಂದು ಸುತ್ತಿಗೇ ಮೂರು ಮೊಳ ದಾಟ್ತು ಕಣ್ರೇ. ಈ ಹನ್ನೆರಡು ಮೊಳದಾಗೆ ಸುತ್ತಿ, ನೆರಿಗೆ ಹಿಡಿದು, ಸೆರಗು ಹೊದೆಯೋದು ಎಲ್ಲಿಂದ?"

"ಅತ್ತೆಮ್ಮ, ಉಡಿಸೋಕೆ ಇಬ್ಬರು ಬೇಕಾಗ್ತದೆ," ಎಂದಳು ಲಟ್ಟಣಿಗೆ ಹಿಡಿದಿದ್ದ ಒಬ್ಬಳು. "ಒಬ್ಬಳು ಈ ಕಡೆ, ಒಬ್ಬಳು ಆ ಕಡೆ ನಿಂತು."

"ಹಾಸು ಸುತ್ತೋ ಹಾಗೆ ಸುತ್ಬೇಕು," ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ಅನುಸೂಯಳೂ ನಕ್ಕಳು. ನಗದಿದ್ದರೆ ಇನ್ನೂ ಏನೇನು ಬರುತ್ತಿತ್ತೋ.

ವರಲಕ್ಷ್ಮಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಮಗ್ಗದ ಬಳಿ ಬಂದು ನಿಂತಳು. "ಅಪ್ಪ, ನನ್ನದರಲ್ಲಿ ಎರಡು ಮೊಳ ಅಕ್ಕಂಗೆ ಬಿಡು. ಸೆರಗು ಇವತ್ತು ಹಾಕಬೇಡ, ಇನ್ನೂ ಮೈಯೇ ನೇಯಿ. ನಾನು ಕಡ್ಡಿ ಇದ್ದ ಹಾಗೆ ಇದೀನಿ, ನನಗೆ ಹನ್ನೆರಡು ಸಾಕು."

ಅಪ್ಪ ಲಾಳಿಯನ್ನು ಕೈಯಲ್ಲೇ ಹಿಡಿದು ಹಿರಿಯ ಮಗಳ ಮುಖ ನೋಡಿದರು. ನೀನು ಹೇಳಿದಂತೆ ಎನ್ನುವ ಹಾಗೆ.

"ಸಾಕಂತೆ, ಸಾಕು," ಎಂದಳು ಸೊಣ್ಣಮ್ಮತ್ತೆ. "ತ್ಯಾಮಗೊಂಡ್ಲಿನವರು ಧಾರೆ ಸೀರೆ ಕೈಗೆ ಬರ್ತಿದ್ದ ಹಾಗೇ ಮೊದಲು ಮಾಡೋ ಕೆಲಸ ಏನ್ ಗೊತ್ತಾ? ಮೊಳ ಹಾಕೋದು. ನೇಯೋರ ಮನೆ ಹೆಣ್ಣಿಗೆ ಮೊಟಕು ಸೀರೆ ಉಡಿಸಿ ಕಳಿಸಿದ್ರು ಅಂತ ಈ ಹುಡುಗಿ ಜನ್ಮವೆಲ್ಲಾ ಕೇಳ್ತಾ ಕೂತ್ಕೋಬೇಕು."

ಅದು ನಿಜ. ಬೇರೆಯವರಾಗಿದ್ದರೆ ಬಣ್ಣ ನೋಡುತ್ತಿದ್ದರು, ಅಂಚು ನೋಡುತ್ತಿದ್ದರು. ಇವರು ಉದ್ದ ನೋಡುವವರು. ಅನುಸೂಯ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು.

"ಹನ್ನೆರಡಕ್ಕೇ ಸೆರಗು ಹಾಕಪ್ಪ. ನಾನು ಒಳಲಂಗದ ಮೇಲೆ ಬೆಂಗಳೂರಿನ ಥರ ಉಡ್ತೀನಿ. ಅದಕ್ಕೆ ಕಮ್ಮಿ ಸಾಕು. ನಮ್ಮ ಶಾಲೇಲಿ ನನಗಿಂತ ದಪ್ಪ ಇರೋರು ಉಡ್ತಿದ್ರು."

"ಕಾಣ್ತೀಯ ನೀನು," ಎಂದಳು ಅತ್ತೆ.

ಅಪ್ಪ ಲಾಳಿಯಿಂದ ನೀಲಿ ಕಂಡಿಕೆ ತೆಗೆದು ಸೆರಗಿನ ಕಂಡಿಕೆ ಹಾಕಿದರು. ಲಾಳಿ ಆ ಕಡೆಯಿಂದ ಈ ಕಡೆಗೆ ಹೋಯಿತು. ಇನ್ನು ಉದ್ದ ಮಾಡಲು ಆಗುವುದಿಲ್ಲ ಎಂದು ಅನುಸೂಯಳಿಗೂ ಗೊತ್ತಿತ್ತು.

ಧಾರೆಯ ದಿನ ಬೆಳಿಗ್ಗೆ ನಡುಮನೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅವಳು ಉಟ್ಟಳು. ಒಳಲಂಗದ ಲಾಡಿ ಬಿಗಿದು ಕಟ್ಟಿ, ಒಂದು ಸುತ್ತು ಸುತ್ತಿ, ನೆರಿಗೆ ನಾಲ್ಕೇ ಹಿಡಿದು, ಸೆರಗನ್ನು ಭುಜದ ಮೇಲೆ ತಂದು ಪಿನ್ನು ಚುಚ್ಚಿದಳು. ಬಂತು. ಸೆರಗು ಬೆನ್ನಿನ ಮೇಲೆ ಗೇಣುದ್ದ ಇಳಿಯಿತು ಅಷ್ಟೇ, ಆದರೂ ಬಂತು. ಗೋಡೆಯ ಕನ್ನಡಿಯಲ್ಲಿ ಒಮ್ಮೆಗೆ ಅವಳ ಅರ್ಧ ಮಾತ್ರ ಕಾಣುತ್ತಿತ್ತು. ಮೇಲಿನ ಅರ್ಧ ನೋಡಿದಳು, ಕನ್ನಡಿ ಬಾಗಿಸಿ ಕೆಳಗಿನ ಅರ್ಧ ನೋಡಿದಳು. ಕಡುನೇರಳೆಯೊಳಗೆ ಮೈಯ ಉಬ್ಬುತಗ್ಗುಗಳು ಒಂದರಲ್ಲೊಂದು ಕರಗಿಹೋಗಿದ್ದವು. ಶಾಲೆಯ ಆ ಉಪಾಧ್ಯಾಯಿನಿ ಬಂದು ನಿಂತ ಹಾಗೆ ಇತ್ತು.

ಕೆಂಪು ಧಾರೆ ಸೀರೆಯಲ್ಲಿ ಕೂತಿದ್ದ ವರಲಕ್ಷ್ಮಿ, "ಅಕ್ಕ, ನಿನಗೆ ಎಷ್ಟು ಒಪ್ಪುತ್ತೆ ಗೊತ್ತಾ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. "ನನ್ನ ಪಕ್ಕದಲ್ಲೇ ಇರ್ತೀಯಲ್ಲ?"

"ಎಲ್ಲಿಗೆ ಹೋಗ್ತೀನಿ?"

ಬಾಗಿಲು ತಳ್ಳಿಕೊಂಡು ಸೊಣ್ಣಮ್ಮತ್ತೆ ಬಂದಳು, ಹಿಂದೆ ಅವಳ ಮಗಳು ಅಂಜಿನಮ್ಮ. ಅತ್ತೆಯೂ ಒಂದು ಕ್ಷಣ ನೋಡಿ ನಿಂತಳು. "ಪರವಾಗಿಲ್ಲ ಕಣೇ. ಚೆನ್ನಾಗೇ ಉಟ್ಟಿದೀಯ," ಎಂದಳು, ಮನಸ್ಸಿನಿಂದಲೇ. "ಎಲ್ಲಿ, ಮಣೆ ಮೇಲೆ ಕೂತ್ಕೊ ನೋಡೋಣ. ಮಡಿಲು ಒಡ್ಡು."

ನಿಂತರೆ ಹೇಗೆ ಕಾಣುತ್ತೇನೆ ಎಂದು ಅನುಸೂಯ ಇಷ್ಟು ದಿನ ಯೋಚಿಸಿದ್ದಳೇ ಹೊರತು ಮಡಿಲಕ್ಕಿಯ ನೆನಪೇ ಅವಳಿಗೆ ಬಂದಿರಲಿಲ್ಲ. ಧಾರೆಗೆ ಮುಂಚೆ ಗಂಡಿನ ಕಡೆಯ ಮುತ್ತೈದೆಯರು ಕಳಶಗಿತ್ತಿಯನ್ನು ಮಣೆಯ ಮೇಲೆ ಕೂರಿಸಿ ಅಕ್ಕಿ, ಕೊಬ್ಬರಿ, ಬೆಲ್ಲದಚ್ಚು ಹಾಕಿ ಮಡಿಲು ತುಂಬುತ್ತಾರೆ. ಅದನ್ನು ಹಾಸಿನ ಸೀರೆಯ ಸೆರಗಿನಲ್ಲೇ ಹಿಡಿಯಬೇಕು, ಹಿಡಿದುಕೊಂಡೇ ಎದ್ದು ಕಳಶ ಎತ್ತಬೇಕು. ಬೆಂಗಳೂರಿನ ಉಪಾಧ್ಯಾಯಿನಿಯರು ಮಡಿಲಕ್ಕಿ ಹಿಡಿದದ್ದನ್ನು ಅವಳು ನೋಡಿರಲಿಲ್ಲ.

ಕೂತಳು. ಕೂತಕೂಡಲೇ ಸೀರೆ ಹಿಂದಿನಿಂದ ಎಳೆಯಿತು, ರವಿಕೆಯ ಬಗಲಲ್ಲಿ ಕೊಟ್ಟಿದ್ದ ತುಂಡು ಬಿಗಿಯಿತು. ಸೆರಗನ್ನು ಬೆನ್ನ ಹಿಂದಿನಿಂದ ಸುತ್ತಿ ಮುಂದಕ್ಕೆ ತರಲು ನೋಡಿದಳು. ಸೊಂಟದ ಅರ್ಧಕ್ಕೆ ಬಂದು ನಿಂತಿತು. ಉಸಿರು ಬಿಗಿಹಿಡಿದು ಇನ್ನಷ್ಟು ಎಳೆದಳು. ತುದಿ ಸಿಕ್ಕಿತು. ಎರಡು ಬೆರಳಲ್ಲಿ ಹಿಡಿದು ಒಡ್ಡಿದಳು.

"ಹಾಕಿ ಅತ್ತೆ."

ಸೊಣ್ಣಮ್ಮತ್ತೆ ಬೊಗಸೆ ಅಕ್ಕಿ ಹಾಕಿದಳು. ಎರಡನೆಯ ಬೊಗಸೆಗೆ ಭುಜದ ಪಿನ್ನು ಬಿಚ್ಚಿಕೊಂಡಿತು, ಸೆರಗು ಸರಕ್ಕನೆ ಹಿಂದಕ್ಕೆ ಹೋಯಿತು, ಅಕ್ಕಿ ನೆಲದ ಮೇಲೆಲ್ಲ ಹರಡಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಅನುಸೂಯ ತಡೆದುಕೊಳ್ಳುತ್ತಿದ್ದಳು.

"ಇಲ್ಲೇ ಚೆಲ್ತು, ಒಳ್ಳೇದಾಯ್ತು," ಎಂದಳು ಅತ್ತೆ, ದನಿ ತಗ್ಗಿಸಿ. "ಚಪ್ಪರದಾಗೆ ಅಷ್ಟು ಜನದ ಮುಂದೆ ಮಡಿಲಕ್ಕಿ ಚೆಲ್ಲಿದ್ರೆ ಮದುವೆ ಹೆಣ್ಣಿಗೆ ಒಳ್ಳೇದಲ್ಲ ಕಣಮ್ಮ. ನಾನು ಬೇಕು ಅಂತ ಹೇಳ್ತಾ ಇಲ್ಲ."

"ಬೇರೆ ಸೀರೆ ಉಡ್ಲಿ ಅತ್ತೆ," ಎಂದಳು ವರಲಕ್ಷ್ಮಿ. "ಅಮ್ಮನ ಹಳೇ ಸೀರೆ ಇದೆಯಲ್ಲ, ಹದಿನಾರು ಮೊಳದ್ದು."

"ಹಾಸಿಂದೇ ಆಗ್ಬೇಕು. ಬೇರೆ ಸೀರೇಲಿ ಕಳಶ ಯಾರು ಹಿಡಿದವ್ರೆ ನಮ್ಮನೇಲಿ?"

ಹೊರಗೆ ಓಲಗ ಶುರುವಾಯಿತು. ತ್ಯಾಮಗೊಂಡ್ಲಿನವರು ಬೀದಿಯ ತಿರುವಿಗೆ ಬಂದರು ಎಂದು ಯಾರೋ ಕೂಗಿದರು. ಅನುಸೂಯ ಮಣೆಯ ಮೇಲೆ ಕೂತೇ ಇದ್ದಳು. ಅವಳ ಕಣ್ಣು ಅಂಜಿನಮ್ಮನ ಮೇಲೆ ಬಿತ್ತು. ಅಂಜಿನಮ್ಮ ಸಣ್ಣ ನಡುವಿನವಳು. ಏನು ಮಾಡಬೇಕೋ ತಿಳಿಯದೆ ಬಾಗಿಲಿಗೆ ಒರಗಿ ಉಗುರು ಕಚ್ಚುತ್ತಿದ್ದಳು.

"ಅಂಜಿನಿ, ಬಾ ಇಲ್ಲಿ," ಎಂದಳು ಅನುಸೂಯ.

"ಬೇಡ ಕಣಕ್ಕ."

"ಬಾ. ಹೊತ್ತಾಗುತ್ತೆ."

ಬಿಚ್ಚಿದ ಸೀರೆಯನ್ನು ತನ್ನ ಕೈಯಾರೆ ಅವಳಿಗೆ ಉಡಿಸಿದಳು. ಅಂಜಿನಮ್ಮನಿಗೆ ಅದು ಎರಡು ಸುತ್ತು ಬಂತು, ತುಂಬ ನೆರಿಗೆ ಬಂತು. ಸೆರಗು ಬೆನ್ನು ಬಳಸಿ ಮುಂದೆ ಬಂದು ಮಡಿಲಾಗಿ, ಇನ್ನೂ ಉಳಿದು ಸೊಂಟಕ್ಕೆ ಸಿಕ್ಕಿಸುವಷ್ಟಿತ್ತು. ಕಡುಬಣ್ಣದಲ್ಲಿ ಅವಳು ಇನ್ನೂ ಸಣ್ಣಗೆ, ಇಲ್ಲವೇನೋ ಎಂಬ ಹಾಗೆ ಕಂಡಳು. ಅವಳಿಗೆ ಆ ಬಣ್ಣ ಒಪ್ಪಲಿಲ್ಲ. ವರಲಕ್ಷ್ಮಿ ಗೋಡೆಯ ಕಡೆ ಮುಖ ತಿರುಗಿಸಿ ಕೂತಿದ್ದಳು. ಹೊರಗೆ ಕರೆದುಕೊಂಡು ಹೋಗುವಾಗ ಅಕ್ಕನ ಕೈ ಹಿಡಿಯಲು ಕೈ ಚಾಚಿದಳು. ಅನುಸೂಯ ಒಳಲಂಗದಲ್ಲಿ ನಿಂತಿದ್ದಳು. ಬಾಗಿಲಿನ ಬೆಳಕಿಗೆ ಬರಲಾಗಲಿಲ್ಲ.

ಆಮೇಲೆ ತನ್ನ ಹಳೆಯ ನೂಲಿನ ಸೀರೆ ಉಟ್ಟು, ಚೆಲ್ಲಿದ ಅಕ್ಕಿಯನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕಿದಳು. ಪದ್ಮ ಎದ್ದು ಅತ್ತಿತು. ಎದೆಗೆ ಹಾಕಿಕೊಂಡು ಉಗ್ರಾಣದ ಮೂಲೆಯಲ್ಲಿ ತರಕಾರಿ ಬುಟ್ಟಿಗಳ ನಡುವೆ ಕೂತಳು. ಧಾರೆಯ ಹೊತ್ತಿಗೆ ಗಟ್ಟಿಮೇಳ ಮೊಳಗಿತು. ಎದ್ದು ಹೋಗಿ ದೂರದಿಂದಲಾದರೂ ನೋಡಬಹುದಾಗಿತ್ತು. ಏಳಲಿಲ್ಲ.

ಎಲ್ಲರ ಊಟ ನಡೆಯುತ್ತಿದ್ದಾಗ ಅಪ್ಪ ಅವಳನ್ನು ಹುಡುಕಿಕೊಂಡು ಬಂದರು. ಧಾರೆಯೆರೆದ ಕೈ ಇನ್ನೂ ಒದ್ದೆಯಿತ್ತು. ಅಕ್ಕಿ ಮೂಟೆಯ ಮೇಲೆ ಕೂತರು.

"ಅವರು ಮೊಳ ಹಾಕಿ ನೋಡಿದ್ರು," ಎಂದರು. "ಹದಿನಾಲ್ಕು ಸರಿಯಾಗಿ ಇತ್ತು."

"ಒಳ್ಳೇದಾಯ್ತಪ್ಪ."

"ಹೊಸಕೋಟೆಗೆ ಬಂದಿದ್ನಲ್ಲ, ಅವತ್ತೇ ನನ್ನ ಕಣ್ಣಿಗೆ ಕಾಣಿಸ್ತು ಅನುಸೂಯ. ಇವಳಿಗೆ ಹನ್ನೆರಡು ಸಾಲಲ್ಲ ಅಂತ. ಒಂದು ಮಾತು ಅಂದಿದ್ರೆ ಕಾಲು ಹಿಡಿದಾದ್ರೂ ಎಲ್ಲಿಂದಲೋ ಒಂದಿಷ್ಟು ರೇಷ್ಮೆ ತರ್ತಿದ್ದೆ."

ಅನುಸೂಯ ಕೂಸಿನ ತಲೆಯ ಮೇಲಿನಿಂದ ಅವರನ್ನು ನೋಡಿದಳು. "ಕಾಣಿಸಿತ್ತಾ? ಮತ್ತೆ ಯಾಕಪ್ಪ ಹೇಳಲಿಲ್ಲ?"

"ನೀನು ಸಾಲುತ್ತೆ ಅಂದೆ," ಎಂದರು ಅಪ್ಪ. "ಅಳಿಯಂದಿರು ಅಲ್ಲೇ ನಿಂತಿದ್ರು. ಬೆಳೆದ ಮಗಳ ಮೈ ಬಗ್ಗೆ ಅಪ್ಪ ಆದೋನು ಹೆಂಗಮ್ಮ ಮಾತಾಡ್ಲಿ?"

ಊಟದ ಸಾಲಿನಿಂದ ಯಾರೋ ಯಜಮಾನರನ್ನು ಕರೆದರು. ಅವರು ಮೊಣಕಾಲಿಗೆ ಕೈಕೊಟ್ಟು ಎದ್ದು ಹೋದರು.

ಸೀರೆ ಸಂಜೆಗೆ ಮರಳಿ ಬಂತು. ಅಂಜಿನಮ್ಮ ಮಡಿಸಿ ತಂದುಕೊಟ್ಟಳು. ಸೆರಗಿನಲ್ಲಿ ಅರಿಶಿನದ ಕಲೆಯಿತ್ತು, ಅವಳ ಬೆವರಿನ ವಾಸನೆಯಿತ್ತು. ವರಲಕ್ಷ್ಮಿ ತ್ಯಾಮಗೊಂಡ್ಲಿಗೆ ಹೊರಡುವಾಗ ಅಕ್ಕನಿಗೆ ನಮಸ್ಕಾರ ಮಾಡಿದಳು, ಆದರೆ ಮುಖ ಎತ್ತಲಿಲ್ಲ. ಅದು ಸಿಟ್ಟೋ, ದುಃಖವೋ, ಹೊಸ ಮದುಮಗಳ ನಾಚಿಕೆಯೋ ಅನುಸೂಯಳಿಗೆ ತಿಳಿಯಲಿಲ್ಲ. ಕೇಳಲು ಎತ್ತಿನ ಗಾಡಿಯ ಸುತ್ತ ಬಹಳ ಜನವಿದ್ದರು.

ಎರಡು ದಿನ ಕಳೆದು ಅವಳು ಗಂಡನ ಜೊತೆ ಹೊರಟಳು. ಬಸ್ಸಿನಲ್ಲಿ ಹಿಂದಿನ ಸಾಲಿನಲ್ಲೇ ಜಾಗ ಸಿಕ್ಕಿತು, ಇದ್ದಿಲ ಒಲೆಯ ಬಿಸಿ ಬೆನ್ನಿಗೆ ಹೊಡೆಯುತ್ತಿತ್ತು. ಸೀರೆ ಚೀಲದ ತಳದಲ್ಲಿತ್ತು. ಕೂಸು ತೊಡೆಯ ಮೇಲೆ ನಿದ್ದೆ ಹೋಗಿತ್ತು. ಅದರ ಕೆಮ್ಮು ಪೂರ್ತಿ ವಾಸಿಯಾಗಿ ದಿನಗಳೇ ಆಗಿದ್ದವು. ಉಸಿರು ತಿಳಿಯಾಗಿ ಬರುತ್ತಿತ್ತು.

ಊರು ದಾಟಿದ ಮೇಲೆ ಕೋದಂಡರಾಮಯ್ಯ ಕೇಳಿದ. "ಅವತ್ತು ಕಳಶ ನೀನು ಹಿಡೀತೀಯ ಅಂತ ನಾನು ಕಂಬದ ಹತ್ತಿರ ಜಾಗ ಮಾಡಿಕೊಂಡು ನಿಂತಿದ್ದೆ. ಸೊಣ್ಣಮ್ಮನವರ ಮಗಳು ಬಂದಳು. ಯಾಕೆ, ಸೀರೆ ಸಾಲಲಿಲ್ವಾ?"

ಅವನ ದನಿಯಲ್ಲಿ ಬರೀ ಅಕ್ಕರೆಯಿತ್ತು. ಈಗಲಾದರೂ ಹೇಳಬಹುದಾಗಿತ್ತು. ಸಾಲಲಿಲ್ಲ, ನಾನು ಮೊದಲೇ ಹೇಳಬೇಕಾಗಿತ್ತು, ನೀವಿದ್ದಿರಿ ಎಂದು ಹೇಳಲಿಲ್ಲ.

"ಸೀರೆ ಸಾಲ್ತು," ಎಂದಳು. "ಕೂಸಿಗೆ ಕೆಮ್ಮು ಬಂದಿತ್ತು. ಅದಕ್ಕೇ ಹಿಡೀಲಿಲ್ಲ."

ಅಂದ ಮೇಲೆ ತಾನು ಏನು ಅಂದೆ ಎಂದು ಅವಳಿಗೆ ತಿಳಿಯಿತು. ಇಷ್ಟು ದಿನ ಬಾಯಿಗೆ ಬೀಗ ಹಾಕಿ ಕಾದದ್ದನ್ನು, ಇಲ್ಲದ ಕಾಯಿಲೆಯನ್ನು, ತನ್ನ ಮೈ ಮುಚ್ಚಿಕೊಳ್ಳಲು ತಾನೇ ಆಡಿಬಿಟ್ಟಿದ್ದಳು.

"ಕೆಮ್ಮಾ? ಹೇಳಲೇ ಇಲ್ಲವಲ್ಲೇ," ಎಂದ ಗಂಡ, ಕೂಸಿನ ಹಣೆ ಮುಟ್ಟಿ ನೋಡುತ್ತ.

ಬಸ್ಸು ಏರು ಹತ್ತಲಾರದೆ ನರಳಿತು. ಹಿಂದಿನಿಂದ ಹೊಗೆ ಒಳನುಗ್ಗಿತು. ಅನುಸೂಯ ಕೂಸಿನ ಮುಖಕ್ಕೆ ಸೆರಗು ಮುಚ್ಚಿದಳು. ಸಾಲದೆಂದು ಚೀಲಕ್ಕೆ ಕೈಹಾಕಿ ನೇರಳೆ ಸೀರೆಯನ್ನು ಎಳೆದು ಅದನ್ನೂ ಹೊದಿಸಿದಳು. ಒಳಗಿನಿಂದ ಕೂಸು ಒಂದು ಸಲ ಕೆಮ್ಮಿತು, ಸಣ್ಣಗೆ. ಹೊಗೆಗೆ ಇರಬೇಕು ಎಂದ ಗಂಡ. ಅವಳು ತಲೆ ಬಗ್ಗಿಸಿ, ಇನ್ನೊಂದು ಬರುತ್ತದೆಯೇನೋ ಎಂದು ಕಿವಿಗೊಟ್ಟು ಕೂತಳು.